ಹೆಡ್‌ಮಾಸ್ತರರಿಗೊಂದು ಶಾಲು

ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸಿನಲ್ಲಿ ಬಾಗಿಲ ಹತ್ತಿರದ ಒಂದು ಸೀಟಿನ ಮೇಲೆ 'ಅಂಗವಿಕಲರಿಗೆ' ಎಂದು ಬರೆದಿರುತ್ತದೆ. ಆ ಸೀಟಿನಲ್ಲಿ ಅಂಗವಿಕಲರು ಕೂತದ್ದನ್ನು ನಾನು ಕಂಡದ್ದು ಕಡಿಮೆ. ಸಾಮಾನ್ಯವಾಗಿ ಅಲ್ಲಿ ಒಬ್ಬ ಗಟ್ಟಿಮುಟ್ಟಾದ ಗಂಡಸು ಇರುತ್ತಾನೆ. ತೊಡೆಯ ಮೇಲೆ ಲಿಂಬೆಹಣ್ಣಿನ ಚೀಲ, ಕಣ್ಣಿನ ಮೇಲೆ ಟೋಪಿ, ಗಾಢ ನಿದ್ದೆ. ಬಸ್ಸು ಸ್ಟ್ಯಾಂಡು ಬಿಡುವ ಮೊದಲೇ ಅಂಥ ನಿದ್ದೆ ಹೇಗೆ ಬರುತ್ತದೋ ದೇವರಿಗೇ ಗೊತ್ತು. ನಾನು ಅವನ ಭುಜ ತಟ್ಟಿ, ಬಸ್ಸಿನವರಿಗೆಲ್ಲ ಕೇಳುವ ಹಾಗೆ ಕೇಳುತ್ತೇನೆ.

"ಯಣ್ಣಾ, ನಿಮಗ ಯಾವ ಕಾಲು ಹೋಗೇತ್ರಿ? ಎಡದ್ದೋ, ಬಲದ್ದೋ?"

"ಏ, ನನಗೇನಾಗೇತಿ? ನನ್ನ ಕಾಲು ಕಲ್ಲಿನಂಗ ಅದಾವ!"

"ಹಂಗಾದ್ರ ಅವುಗಳ ಮ್ಯಾಲ ಎದ್ದು ನಿಂದ್ರಿ. ನನಗ ಎಡದ್ದು ಹೋಗೇತಿ."

ಹಿಂದಿನ ಸೀಟಿನ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಾರೆ. ಅವನು ಚೀಲ ಎತ್ತಿಕೊಂಡು ಗೊಣಗುತ್ತ ಏಳುತ್ತಾನೆ. 'ಕುಂಟನಿಗೆ ಎಂಟು ಚೇಷ್ಟೆ' ಎಂದು ಗಾದೆ ಕಟ್ಟಿದವನು ಕುಂಟಿಯರನ್ನು ನೋಡಿರಲಿಲ್ಲ ಅಂತ ಕಾಣುತ್ತದೆ. ನೋಡಿದ್ದರೆ ಎಂಟಕ್ಕೇ ನಿಲ್ಲಿಸುತ್ತಿರಲಿಲ್ಲ.

ನಾನು ಲಚ್ಯಾಣದ ಕಡೆಯ ಹಳ್ಳಿಯವಳು. ಎಳವೆಯಲ್ಲಿ ಪೋಲಿಯೊ ಬಂದು ಎಡಗಾಲು ಸಣಕಲಾಯಿತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಸೇರಿಸಲು ಹೋದಾಗ ಕಾಯಿದೆ ಗೀಯಿದೆ ಏನೂ ಇರಲಿಲ್ಲ. ಇದ್ದದ್ದು ಮಾಸ್ತರರ ಮನಸ್ಸು ಒಂದೇ. ಅವತ್ತು ಅದು ಚೆನ್ನಾಗಿತ್ತು. "ಇರ್ಲಿ ಬಿಡಪಾ, ಮೂಲ್ಯಾಗ ಕುಂದ್ರಲಿ. ಯಾರಿಗೇನ್ ತ್ರಾಸ ಮಾಡತೈತಿ ಕೂಸು" ಅಂದರು. ಮೂಲೆಯಲ್ಲಿ ಕೂತೆ. ಅಲ್ಲಿಂದ ಕರೀಹಲಗೆಯ ಬಲಭಾಗ ಮಾತ್ರ ಕಾಣುತ್ತಿತ್ತು. ನನಗೆ ಇವತ್ತಿಗೂ ಎಲ್ಲ ಪದ್ಯಗಳ ಸಾಲುಗಳೂ ಅರ್ಧದಿಂದಲೇ ಶುರುವಾಗುತ್ತವೆ. ಆಟದ ಪೀರಿಯಡ್ಡಿನಲ್ಲಿ ಎಲ್ಲರ ಚಪ್ಪಲಿ ಕಾಯುವ ಕೆಲಸ ನನ್ನದು. ಬಹಳ ನಿಷ್ಠೆಯಿಂದ ಕಾಯುತ್ತಿದ್ದೆ. ಯಾರು ನನ್ನನ್ನು ಅಣಕಿಸಿದ್ದರೋ ಅವರ ಚಪ್ಪಲಿ ಮಾತ್ರ ಜೋಡಿ ತಪ್ಪುತ್ತಿದ್ದವು.

ತೊಂಬತ್ತೈದರಲ್ಲಿ ದಿಲ್ಲಿಯಲ್ಲಿ ಕಾಯಿದೆಯಾಯಿತು. ನಮ್ಮಂಥವರಿಗೆ ಹದಿನೆಂಟು ವರ್ಷದವರೆಗೆ ಪುಕ್ಕಟೆ ಶಿಕ್ಷಣ ಸಿಗಬೇಕು ಎಂದು ಅದರಲ್ಲಿ ಬರೆದಿತ್ತು. ಅದು ನಮ್ಮ ಕಡೆ ತಲುಪುವ ಹೊತ್ತಿಗೆ ನನಗೆ ಹದಿನೆಂಟು ದಾಟಿ, ನಾನು ಮುದ್ದೇಬಿಹಾಳದಲ್ಲಿ ಶಿಕ್ಷಕರ ತರಬೇತಿಗೆ ಸೇರಿದ್ದೆ. ನಮ್ಮ ಉಪನ್ಯಾಸಕರು ಆ ಕಾಯಿದೆಯನ್ನು ತರಗತಿಯಲ್ಲಿ ವಿವರಿಸಿ, ನನ್ನ ಕಡೆ ನೋಡಿ, "ಇನ್ನ ನಿನಗೇನೂ ಚಿಂತಿ ಇಲ್ಲ ನೋಡವಾ" ಎಂದರು. ಆ ತರಗತಿ ನಡೆಯುತ್ತಿದ್ದದ್ದು ಮಾಳಿಗೆಯ ಮೇಲೆ. ನಾನು ಆಗಷ್ಟೇ ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಹತ್ತಿ ಬಂದು, ಸೀರೆಯ ಧೂಳು ಕೊಡವಿಕೊಳ್ಳುತ್ತಿದ್ದೆ.

ಆಮೇಲೆ ಎಲ್ಲ ಮಕ್ಕಳಿಗೂ ಶಿಕ್ಷಣದ ಹಕ್ಕು ಬಂತು. ಎರಡು ಸಾವಿರದ ಹದಿನಾರರಲ್ಲಿ ನಮ್ಮ ಹಳೆಯ ಕಾಯಿದೆಯನ್ನು ತೆಗೆದು ಇನ್ನೂ ದೊಡ್ಡದನ್ನು ತಂದರು. ಹಳೆಯದು ಸರ್ಕಾರಕ್ಕೆ ಬುದ್ಧಿ ಹೇಳಿ ಸುಮ್ಮನಾಗಿತ್ತು. ಹೊಸದು ನೇರ ಶಾಲೆಯ ಬಾಗಿಲಿಗೇ ಬಂದು ಹೇಳಿತು: ಭೇದ ಮಾಡದೆ ಸೇರಿಸಿಕೊ, ಕಟ್ಟಡ ಸರಿಮಾಡು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡು. ಈ ನಡುವೆ ನಮ್ಮ ಹೆಸರೂ ಬದಲಾಗುತ್ತ ಬಂತು. ಊರಲ್ಲಿ ಕುಂಟಿ ಆಗಿದ್ದವಳು ಕಚೇರಿಯಲ್ಲಿ ಅಂಗವಿಕಲೆಯಾದೆ, ಆಮೇಲೆ ವಿಕಲಚೇತನೆ, ಆಮೇಲೆ ವಿಶೇಷಚೇತನೆ, ಈಗ ದಿವ್ಯಾಂಗೆ. ಪ್ರತಿ ಸಲ ಬೋರ್ಡು ಬರೆಯುವವನಿಗೆ ಕೆಲಸ ಸಿಕ್ಕಿತು. ಬಾಗಿಲ ಮುಂದಿನ ಮೆಟ್ಟಿಲು ಮಾತ್ರ ಹಾಗೇ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಈಗ ನಾನು ಸಿಂದಗಿ ತಾಲೂಕಿನಲ್ಲಿ ವಿಶೇಷ ಮಕ್ಕಳ ಶಿಕ್ಷಕಿ. ಒಂದೇ ಶಾಲೆಯಲ್ಲಿ ಕೂರುವ ಕೆಲಸವಲ್ಲ. ಬಸ್ಸು, ಟಂಟಂ ಏನು ಸಿಗುತ್ತದೋ ಅದನ್ನು ಹಿಡಿದು ಹಳ್ಳಿ ಹಳ್ಳಿ ತಿರುಗಿ, ಕಣ್ಣು ಕಿವಿ ಕೈಕಾಲು ಬುದ್ಧಿ ಯಾವುದರಲ್ಲಿ ತೊಡಕಿದ್ದರೂ ಆ ಮಕ್ಕಳನ್ನು ಶಾಲೆಗೆ ಹತ್ತಿಸಬೇಕು. ಹತ್ತಿಸುವುದು ಎಂಬ ಮಾತನ್ನು ನಾನು ಬೇಕೆಂದೇ ಬಳಸಿದೆ. ಯಾಕೆಂದರೆ ನಾನು ಹೇಳಹೊರಟಿರುವ ಹೈಸ್ಕೂಲಿನಲ್ಲಿ ಮಕ್ಕಳೆಲ್ಲ ಇದ್ದದ್ದು ಮಾಳಿಗೆಯ ಮೇಲೆ.

ಕೆಳಗೆ ಹೆಡ್‌ಮಾಸ್ತರರ ಕೋಣೆ, ಮಾಸ್ತರರು ಕೂರುವ ಕೋಣೆ, ಬಿಸಿಯೂಟದ ಉಗ್ರಾಣ. ಮೇಲೆ ಎಂಟು, ಒಂಬತ್ತು, ಹತ್ತನೇ ತರಗತಿ. ಯಾಕೆ ಹೀಗೆ ಎಂದು ಮೊದಲ ದಿನವೇ ಕೇಳಿದ್ದೆ. ಅಕ್ಕಿ ಬೇಳೆಯ ಚೀಲಗಳನ್ನು ಮೇಲೆ ಹತ್ತಿಸುವುದು ಬಹಳ ತ್ರಾಸು, ಅದಕ್ಕೆ ಕೆಳಗಿಟ್ಟಿದ್ದೇವೆ ಎಂದರು. ಹದಿನಾರರ ಕಾಯಿದೆ ಹೇಳಿದ ಅನುಕೂಲ ನಮ್ಮ ತಾಲೂಕಿನಲ್ಲಿ ಮೊದಲು ಸಿಕ್ಕಿದ್ದು ಅಕ್ಕಿ ಚೀಲಕ್ಕೆ.

ಹೆಡ್‌ಮಾಸ್ತರರು ಕೆಟ್ಟವರಲ್ಲ. ಬಹಳ ಒಳ್ಳೆಯವರು, ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರ ಜೊತೆ ಜಗಳ ಆಡಿ ಮುಗಿಸಬಹುದು. ಇವರು ಜಗಳಕ್ಕೆ ಮೊದಲೇ ಕಣ್ಣಲ್ಲಿ ನೀರು ತಂದುಕೊಂಡು ಚಹಾ ತರಿಸಿಬಿಡುತ್ತಿದ್ದರು. ಮೇಲಾಗಿ ಅವರಿಗೆ ಸನ್ಮಾನದ ಹುಚ್ಚು. ನಮ್ಮ ಕಡೆ ಶಾಲು ಹಾರ ಇಲ್ಲದೆ ಒಂದು ಕೊಳವೆಬಾವಿಯ ಪೂಜೆಯೂ ಆಗುವುದಿಲ್ಲ ನಿಜ. ಆದರೆ ಇವರ ಅಲಮಾರಿಯಲ್ಲಿ ಪುಸ್ತಕಕ್ಕಿಂತ ಶಾಲು ಜಾಸ್ತಿ ಇದ್ದವು. ಬಂದವರಿಗೆ ಶಾಲು, ಹೋಗುವವರಿಗೆ ಶಾಲು. ಒಂದು ಸಲ ನೀರಿನ ಟಾಕಿ ರಿಪೇರಿಗೆ ಬಂದವನು, "ನನಗ್ಯಾಕ್ರಿ ಸರ್, ನಾ ಇನ್ನಾ ರಿಪೇರಿ ಮಾಡಿಲ್ರಿ" ಎನ್ನುತ್ತಿದ್ದರೂ ಬಿಡದೆ ಹೊದಿಸಿದ್ದರು. ಪಾಪ, ಅವನು ಶಾಲು ಹೊದ್ದುಕೊಂಡ ತಪ್ಪಿಗೆ ಸಂಜೆಯವರೆಗೆ ನಿಂತು ಟಾಕಿ ರಿಪೇರಿ ಮಾಡಿಯೇ ಹೋದ.

ಆ ಊರಿನಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪ ಸಿಂದಗಿ ಬಸ್‌ಸ್ಟ್ಯಾಂಡಿಗೆ ಟಂಟಂ ಓಡಿಸುತ್ತಾನೆ. ಅವ್ವ ಓಣಿಯ ಹೆಂಗಸರಿಗೆಲ್ಲ ಹಳೆ ಬಟ್ಟೆ ಕೂಡಿಸಿ ಹೊದೆಯುವ ಕೌದಿ ಹೊಲಿದುಕೊಡುತ್ತಾಳೆ. ತಲೆತಲಾಂತರದಿಂದ ಅಲ್ಲೇ ಇರುವ ಮುಸಲ್ಮಾನರ ಮನೆ. ರಂಜಾನ್ ಹಬ್ಬಕ್ಕೆ ನನಗೊಂದು ಡಬ್ಬಿ ಹಾಲು ಶಾವಿಗೆಯ ಸುರಕುಂಬಾ ತಪ್ಪದೆ ತೆಗೆದಿಡುತ್ತಾರೆ. ಹುಡುಗಿಗೆ ಹುಟ್ಟಿದಾಗಿನಿಂದ ಎರಡೂ ಕಾಲಿನಲ್ಲಿ ಬಲವಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಕಾಲಿನ ಬಲವೆಲ್ಲ ನಾಲಿಗೆಗೆ ಹೋಗಿದೆ ಎಂದು ಅವಳ ಅವ್ವನೇ ಹೇಳುತ್ತಿದ್ದಳು.

ಏಳನೇ ತರಗತಿಯವರೆಗೆ ಊರ ಪ್ರಾಥಮಿಕ ಶಾಲೆಯಲ್ಲಿ ನೆಲದ ಮೇಲಿನ ಕೋಣೆಗಳೇ ಇದ್ದುದರಿಂದ ಚೆನ್ನಾಗಿ ಕಲಿತಳು. ಎಂಟಕ್ಕೆ ಹೈಸ್ಕೂಲಿಗೆ ಬಂದಾಗ ಮೆಟ್ಟಿಲು ಅಡ್ಡ ಬಂತು. ಹೆಡ್‌ಮಾಸ್ತರರು ಕಣ್ಣೊರೆಸಿಕೊಂಡು, "ತಂಗಿ, ನೀ ಯಾಕ ಕಷ್ಟ ಪಡ್ತಿ? ಮನ್ಯಾಗ ಆರಾಮ ಇರು. ಟೀಚರ್ ಮನಿಗೇ ಬರ್ತಾರ" ಎಂದು ಅವಳನ್ನು ಮನೆಯಲ್ಲೇ ಕಲಿಯುವವರ ಪಟ್ಟಿಗೆ ಹಾಕಿದರು. ಮನೆಗೆ ಬರುವ ಟೀಚರ್ ಎಂದರೆ ನಾನು. ಮನೆಯಲ್ಲೇ ಕಲಿಯುವುದು ಎಂಬುದೂ ಕಾಯಿದೆಯಲ್ಲಿದೆ, ಇಲ್ಲವೆನ್ನುವುದಿಲ್ಲ. ತೀರ ಏಳಲಾಗದ, ಹೊರಗೆ ಬರಲಾಗದ ಮಕ್ಕಳಿಗೆ ಅವರು ಬೇಕೆಂದರೆ ಸಿಗಬೇಕಾದ ಹಕ್ಕು ಅದು. ಶಾಲೆಯವರು ತಮಗೆ ಬೇಡದ ಮಕ್ಕಳನ್ನು ಮನೆಗೆ ಕಳಿಸಲಿ ಎಂದು ಮಾಡಿದ್ದಲ್ಲ.

ಆದರೆ ಸನ್ಮಾನ ಮಾತ್ರ ತಪ್ಪಲಿಲ್ಲ. ಒಂದನೇ ತರಗತಿಯಿಂದ ಪ್ರತಿ ಡಿಸೆಂಬರಿನಲ್ಲಿ, ಅಂಗವಿಕಲರ ದಿನದಂದು, ಪಂಚಾಯತಿಯವರು, ಸಂಘದವರು, ಶಾಲೆಯವರು ಅವಳನ್ನು ಕುರ್ಚಿ ಸಮೇತ ಎತ್ತಿ ವೇದಿಕೆಯ ಮೇಲಿಟ್ಟು ಶಾಲು ಹೊದಿಸಿ ಫೋಟೊ ತೆಗೆಸಿಕೊಂಡಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಅವಳ ಅವ್ವ ಆ ಶಾಲುಗಳನ್ನೆಲ್ಲ ಕೂಡಿಸಿ ಒಂದು ದೊಡ್ಡ ಕೌದಿ ಹೊಲಿದಿದ್ದಳು. ಜರಿಯ ಅಂಚೆಲ್ಲ ಒಂದು ಕಡೆ ಬಂದು ಮೈಗೆ ಚುಚ್ಚುತ್ತದೆ ಎಂದು ಅದನ್ನು ಯಾರೂ ಹೊದೆಯುತ್ತಿರಲಿಲ್ಲ.

ನಾನು ವಾರಕ್ಕೊಮ್ಮೆ ಹೋಗಿ ಪಾಠ ಹೇಳುತ್ತಿದ್ದೆ. ಕನ್ನಡ, ಸಮಾಜ ಹೇಗೋ ನಡೆಯಿತು. ಬೀಜಗಣಿತಕ್ಕೆ ಬಂದಾಗ ನನ್ನ ಗಾಡಿ ನಿಂತಿತು. ನನಗೆ ಬೀಜಗಣಿತ ಬರುವುದಿಲ್ಲ, ಯಾವತ್ತೂ ಬಂದಿಲ್ಲ. ಕರೀಹಲಗೆಯ ಬಲಭಾಗ ಮಾತ್ರ ನೋಡಿದವಳು, ಎಡಭಾಗದಲ್ಲಿ ಏನಿತ್ತು ಎಂದು ಕಂಡುಹಿಡಿಯುವುದು ಹೇಗೆ? ಹುಡುಗಿ ಗೈಡು ನೋಡಿಕೊಂಡು ಒಬ್ಬಳೇ ಗುದ್ದಾಡುತ್ತಿದ್ದಳು. ತನ್ನ ಜೊತೆಯವರು ಮೇಲೆ ಕೂತು ಮುಂದೆ ಹೋಗುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಓಣಿಯ ಗೆಳತಿಯರು ಸಂಜೆ ಬಂದು ವಿಜ್ಞಾನದ ಮಾಸ್ತರರು ಯಾವುದನ್ನೋ ಸುಟ್ಟು ತೋರಿಸಿದರು, ಹಿಂದಿನ ಬೆಂಚಿನವಳು ಡಬ್ಬಿ ಕದ್ದು ತಿಂದಳು ಎಂದೆಲ್ಲ ಹೇಳಿ ನಗುವಾಗ ಇವಳು ನಡುವೆ ಏನಾದರೂ ಚೇಷ್ಟೆ ಸೇರಿಸಿ ನಗಿಸುತ್ತಿದ್ದಳು. ಅವರು ಹೋದಮೇಲೆ ಮತ್ತೆ ಗೈಡು ತೆರೆದು ಅದೇ ಲೆಕ್ಕದ ಮುಂದೆ ಕೂರುತ್ತಿದ್ದಳು.

ದೀಪಾವಳಿಯ ನಂತರ ಒಂದು ದಿನ ಹೋದರೆ ಜಗಲಿಯ ಮೇಲೆ ಹೊಸ ಹೊಲಿಗೆ ಯಂತ್ರ ಬಂದು ಕೂತಿತ್ತು. ಕೈಯಿಂದ ತಿರುಗಿಸುವುದು.

"ಇದ್ಯಾಕ ಬಂತವಾ?" ಎಂದು ಅವ್ವನನ್ನು ಕೇಳಿದೆ.

"ಟೀಚರ್, ನೀವ ಹೇಳ್ರಿ. ಮನ್ಯಾಗ ಕುಂತು ಹತ್ತನೇತ್ತ ಪಾಸ್ ಆಗತೈತೇನು? ಕೈ ಗಟ್ಟಿ ಅದಾವ. ಹೊಸ ವರ್ಷದಿಂದ ಸಾಲಿ ಬಿಡಸ್ತೇನಿ. ಹೊಲಿಗಿ ಕಲೀಲಿ, ತನ್ನ ಹೊಟ್ಟಿ ತಾ ಹೊರಕೋತಾಳ."

ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಹುಡುಗಿ ಮಾತ್ರ ಯಂತ್ರದ ಕಡೆ ನೋಡದೆ, "ನಾ ಹೊಲಿಗಿ ಕಲತ್ರ ಮೊದಲ ಹೆಡ್‌ಮಾಸ್ತರ್ ಬಾಯಿ ಹೊಲೀತೇನಿ" ಎಂದಳು. ಅವ್ವ ತಲೆಗೊಂದು ಮೊಟಕಿದಳು. ಹುಡುಗಿ ನಕ್ಕಳು. ಆದರೆ ಕಣ್ಣು ತುಂಬಿಕೊಂಡಿದ್ದು ನನಗೆ ಕಂಡಿತು.  ನೇರ ಶಾಲೆಗೆ ಹೋದೆ.

ಹೆಡ್‌ಮಾಸ್ತರರ ಕೋಣೆ ದೊಡ್ಡದು. ಹಿಂದೆ ಅದು ತರಗತಿಯೇ ಆಗಿತ್ತು. ಗೋಡೆಯ ಮೇಲೆ ಕರೀಹಲಗೆ ಈಗಲೂ ಇತ್ತು. ಅದರ ಮೇಲೊಂದು ಪರದೆ, ಮುಂದೆ ಸೋಫಾ.

"ಸರ್, ಎಂಟನೇತ್ತ ಕ್ಲಾಸು ಈ ಕೋಣಿಗೆ ತರ್ರಿ. ನೀವು ಅವರ ಕೋಣಿಗೆ ಹೋಗ್ರಿ. ಹೊಸ ಕಾಯಿದೆದ ಹದಿನಾರನೇ ಕಲಂ ಹಂಗ ಹೇಳತೈತಿ" ಎಂದೆ.

"ಕಲಂ ಕಾಗದದಾಗ ಐತಿ ಮೇಡಂ, ಮೆಟ್ಟಿಲು ಸಿಮೆಂಟಿನಾಗ ಐತಿ" ಎಂದರು. "ಚಹಾ ಕುಡೀರಿ."

"ಚಹಾ ಬ್ಯಾಡ್ರಿ. ನಿಮಗ ಮ್ಯಾಲ ಹೋಗಾಕ ಏನಡ್ಡಿ?"

ಬಹಳ ಹೊತ್ತು ಹಿಂದೆ ಮುಂದೆ ನೋಡಿ ಕಡೆಗೆ ನಿಜ ಹೇಳಿದರು. ಅವರ ಊರು ಬಸವನ ಬಾಗೇವಾಡಿ. ಅಲ್ಲಿಗೆ ವರ್ಗ ಮಾಡಿಸಿಕೊಳ್ಳಲು ವರ್ಷಗಳಿಂದ ಒದ್ದಾಡುತ್ತಿದ್ದರು. ಬಾಗೇವಾಡಿಯಿಂದಲೇ ಒಬ್ಬ ವಾಸ್ತು ನೋಡುವವನನ್ನು ಕರೆಸಿದ್ದರು. ಅವನು ದಿಕ್ಸೂಚಿ ಹಿಡಿದು ಸುತ್ತಾಡಿ, ಕುರ್ಚಿಯನ್ನು ಈ ಕೋಣೆಯ ನೈರುತ್ಯಕ್ಕಿಟ್ಟು, ಇಲ್ಲಿಂದ ಒಂದು ಗೇಣು ಸರಿದರೂ ವರ್ಗ ಆಗುವುದಿಲ್ಲ ಎಂದು ಹೇಳಿಹೋಗಿದ್ದನಂತೆ. ಕುರ್ಚಿಯ ನಾಲ್ಕೂ ಕಾಲಿನ ಸುತ್ತ ಬಣ್ಣದಿಂದ ಗುರುತು ಹಾಕಿಸಿದ್ದರು. ಕಸ ಗುಡಿಸುವವಳು ಸರಿಸಿದರೆ ವಾಪಸು ಸರಿಯಾಗಿ ಇಡಲಿ ಎಂದು.

"ಹುಡುಗೀಗೆ ಕಾಲಿಲ್ಲ ಅಂತ ಸಾಲಿ ತಪ್ಪೇತಿ, ನಿಮ್ಮ ಕುರ್ಚಿಗೆ ನಾಕ ಕಾಲದಾವಲ್ರಿ, ನಡದು ಹೋಗಲಿ" ಎಂದೆ. ನನ್ನ ಬಾಯಿಗೆ ಬೀಗವಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ಚಹಾವೂ ಬಂತು. ಮುಂದಿನ ವಾರ ಕಚೇರಿಗೆ ಬರೆದುಕೊಟ್ಟೆ. ನೋಡೋಣ ಎಂದರು. ನಮ್ಮ ಕಚೇರಿಗಳಲ್ಲಿ ನೋಡೋಣ ಎಂದರೆ ಕಣ್ಣು ಮುಚ್ಚುತ್ತೇವೆ ಎಂದರ್ಥ.

ಅಷ್ಟರಲ್ಲಿ ಆ ವರ್ಷದ ಅಂಗವಿಕಲರ ದಿನಾಚರಣೆ ಆ ಹೈಸ್ಕೂಲಿನ ಅಂಗಳದಲ್ಲೇ ಆಗಬೇಕೆಂದು ಗೊತ್ತಾಯಿತು. ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಹೆಡ್‌ಮಾಸ್ತರರ ಸಂಭ್ರಮ ಹೇಳತೀರದು. ಸನ್ಮಾನ ಮಾಡಿಸಿಕೊಳ್ಳುವವರಲ್ಲಿ ಮೊದಲ ಹೆಸರು ನಮ್ಮ ಹುಡುಗಿಯದೇ. ಆ ಸುದ್ದಿ ಹೇಳಲು ಹೋದಾಗ ಅವಳು ಆ ಜರಿಯ ಕೌದಿಯ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು.

"ಟೀಚರ್, ಒಂದು ಕೇಳ್ತೇನಿ. ನೀವು ಹೇಳಿದ್ರಲ್ಲ, ಆ ಟಾಕಿಯವ, ಶಾಲು ಹೊದ್ದ ಮ್ಯಾಲ ಯಾಕ ರಿಪೇರಿ ಮಾಡಿ ಹ್ವಾದ?"

"ಮತ್ತೇನ್ ಮಾಡಬೇಕ ಅಂವಾ? ಶಾಲು ಹೊದ್ದು ಹಂಗ ಹೋದ್ರ ಮಂದಿ ನಗಂಗಿಲ್ಲೇನು?"

"ಅಂದ್ರ, ಮೊದಲ ಶಾಲು ಹೊದಿಸಿಬಿಟ್ರ ಕೆಲಸ ಆಗತೈತಿ."

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಒಳಗಿನಿಂದ ಅವ್ವ, "ಏನ್ ಕಿತಾಪತಿ ನಡಸೀರಿ ಇಬ್ಬರೂ?" ಎಂದು ಕೂಗಿದಳು. ಹೇಳಿದೆವು. ಅವಳು ಎದೆ ಮುಟ್ಟಿಕೊಂಡು, "ಯಾ ಅಲ್ಲಾ, ಊರಾಗ ಇರಬೇಕ್ರಿ ನಾವು!" ಎಂದಳು. ಬೇಡವೇ ಬೇಡ ಎಂದು ಹಟ ಹಿಡಿದಳು. ಹುಡುಗಿ ಆಗ ನಗು ಬಿಟ್ಟು ಹೇಳಿದಳು. "ಅವ್ವಾ, ಇದೊಂದ ಸಲ. ಇದು ಆಗಲಿಲ್ಲಂದ್ರ ನಿನ್ನ ಮಷಿನ್ನ ಮುಂದ ಬಾಯಿ ಮುಚಗೊಂಡು ಕುಂದ್ರತೇನಿ, ಇನ್ನೆಂದೂ ಸಾಲಿ ಹೆಸರೆತ್ತಂಗಿಲ್ಲ."

 ಅವ್ವ ಎದ್ದು ಟ್ರಂಕು ತೆರೆದು, ಹಿಂದಿನ ವರ್ಷದ ಶಾಲೊಂದನ್ನು ತಂದು ಮಗಳ ತೊಡೆಯ ಮೇಲಿಟ್ಟಳು. ಅದಿನ್ನೂ ಕೌದಿಗೆ ಸೇರಿರಲಿಲ್ಲ. ಅವತ್ತು ಮಡಿಸಿ ತುಂಬಿಟ್ಟ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚಿರಲಿಲ್ಲ. ಪಂಚಾಯತಿಯ ಕಾರ್ಯಕ್ರಮದಲ್ಲಿ ಅದನ್ನು ತಂದು ಹೊದಿಸಿದ್ದವರು ಇದೇ ಹೆಡ್‌ಮಾಸ್ತರರು.

ಕಾರ್ಯಕ್ರಮದ ದಿನ ಶಾಮಿಯಾನ ಹಾಕಿ, ಎತ್ತರದ ವೇದಿಕೆ ಕಟ್ಟಿದ್ದರು. ಅಂಗವಿಕಲರ ದಿನದ ವೇದಿಕೆಗೂ ಹತ್ತಲು ಕಬ್ಬಿಣದ ಏಣಿಯಂಥ ಮೆಟ್ಟಿಲು. ನಾನು ಅದನ್ನು ನೋಡಿ ಕೆಳಗೇ ಕುರ್ಚಿ ಹಾಕಿಕೊಂಡು ಕೂತೆ. ಭಾಷಣಗಳಾದವು. ಹುಡುಗಿಯ ಹೆಸರು ಕರೆದರು. ನಾಲ್ವರು ಗಂಡಸರು ತೋಳೇರಿಸಿಕೊಂಡು ಕುರ್ಚಿ ಎತ್ತಲು ಬಂದರು.

"ಮುಟ್ಟಬ್ಯಾಡ್ರಿ" ಎಂದಳು ಹುಡುಗಿ. "ನಾ ಮ್ಯಾಲ ಬರಂಗಿಲ್ಲ. ಮೈಕ್ ಇಲ್ಲಿ ಕೊಡ್ರಿ, ಎರಡು ಮಾತು ಹೇಳ್ತೇನಿ."

ಸನ್ಮಾನ ಮಾಡಿಸಿಕೊಳ್ಳುವವರು ಎರಡು ಮಾತು ಹೇಳುವುದು ನಮ್ಮಲ್ಲಿ ರೂಢಿ. ಅದಕ್ಕೆ ಯಾರೂ ಇಲ್ಲ ಎನ್ನುವಂತಿಲ್ಲ. ಮೈಕು ಕೆಳಗೆ ಬಂತು. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದಳು.   ಊರಿಗೆಲ್ಲ ಕೇಳುವ ಹಾಗೆ ಶುರುಮಾಡಿದಳು.

"ನನಗ ಒಂದನೇತ್ತದಿಂದ ಶಾಲು ಹಾಕ್ಯಾರ್ರಿ. ಸಾಕಷ್ಟು ಆಗ್ಯಾವ. ಇವತ್ತ ನಾ ನಮ್ಮ ಹೆಡ್‌ಮಾಸ್ತರ್ ಸರ್‌ಗೆ ಸನ್ಮಾನ ಮಾಡಾಕತ್ತೇನಿ. ಯಾಕಂದ್ರ ನಾಳಿಂದ ಎಂಟನೇತ್ತ ಕ್ಲಾಸು ಕೆಳಗ ಸರ್ ಕೋಣ್ಯಾಗ ಆಗತೈತಿ. ನನ್ನ ಸಲುವಾಗಿ ಸರ್ ತಮ್ಮ ಕೋಣಿ ಬಿಟ್ಟುಕೊಟ್ಟು ತಾವು ಮ್ಯಾಲ ಹೊಂಟಾರ. ಇಂಥಾ ಹೆಡ್‌ಮಾಸ್ತರ್ ಯಾರಿಗೆ ಸಿಗತಾರ್ರಿ? ಸರ್, ಕೆಳಗ ಬರ್ರಿ."

 ಹೆಡ್‌ಮಾಸ್ತರರ ಬಾಯಿ ತೆರೆದದ್ದು ಹಾಗೇ ಇತ್ತು. ಅಷ್ಟರಲ್ಲಿ ನಾನು ಚಪ್ಪಾಳೆ ತಟ್ಟಿದೆ, ಕೈ ಉರಿಯುವ ಹಾಗೆ. ಅವಳ ಓಣಿಯ ಗೆಳತಿಯರು ತಟ್ಟಿದರು. ಆಮೇಲೆ ಇಡೀ ಊರು ತಟ್ಟಿತು. ದೊಡ್ಡ ಅಧಿಕಾರಿ ಎದ್ದು ಹೆಡ್‌ಮಾಸ್ತರರ ಕೈ ಹಿಡಿದು ಕುಲುಕಿ, ಅವರನ್ನು ತಾವೇ ಮೆಟ್ಟಿಲಿಳಿಸಿ ಕರೆತಂದರು. ಅವ್ವ ಪ್ಲಾಸ್ಟಿಕ್ ಚೀಲ ಹರಿದು ಶಾಲು ಬಿಚ್ಚಿ ಮಗಳ ಕೈಗೆ ಕೊಟ್ಟಳು. ಕೂತವಳ ಕೈಗೆ ಎಟುಕಬೇಕಲ್ಲ, ಹೆಡ್‌ಮಾಸ್ತರರು ಬಗ್ಗಿದರು. ಶಾಲು ಹೆಗಲಿಗೆ ಬಿದ್ದಾಗ ಅದರ ಅಂಚನ್ನು ಒಮ್ಮೆ ಮುಟ್ಟಿ ನೋಡಿದರು. ತಮ್ಮ ಅಲಮಾರಿಯ ಸರಕು ಅವರಿಗೆ ಗುರುತು ಸಿಗದೆ ಇರುತ್ತದೆಯೇ?

"ತಂಗಿ, ನಾ ಯಾವಾಗ..." ಎಂದು ಪಿಸುಗುಟ್ಟಿದ್ದು ಹತ್ತಿರವಿದ್ದ ನನಗೆ ಕೇಳಿತು.

"ನಗ್ರಿ ಸರ್, ಫೋಟೊ ತಗ್ಯಾಕತ್ತಾರ" ಎಂದಳು ಹುಡುಗಿ.

ಅಧಿಕಾರಿ ತಮ್ಮ ಭಾಷಣ ಬಿಟ್ಟು ಹೆಡ್‌ಮಾಸ್ತರರ ತ್ಯಾಗದ ಬಗ್ಗೆಯೇ ಮಾತಾಡಿದರು. ಸಂಕ್ರಾಂತಿ ಮುಗಿಸಿಕೊಂಡು ಬಂದು ಆ ತರಗತಿಯನ್ನು ಕಣ್ಣಾರೆ ನೋಡುತ್ತೇನೆ, ಉಳಿದ ಶಾಲೆಯವರಿಗೂ ತೋರಿಸುತ್ತೇನೆ ಎಂದರು. ಸಂಜೆಯೊಳಗೆ ಊರ ಹುಡುಗರ ಮೊಬೈಲ್ ಸ್ಟೇಟಸ್ಸಿನಲ್ಲೆಲ್ಲ ಶಾಲು ಹೊದ್ದ ಹೆಡ್‌ಮಾಸ್ತರರೇ. ನಾವು ಸುಳ್ಳು ಹೇಳಿದೆವು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮರುದಿನದ ಸುದ್ದಿಯನ್ನು ಒಂದು ದಿನ ಮೊದಲೇ ಹೇಳಿದೆವು, ಅಷ್ಟೆ.

ಮರುದಿನ ಬೆಳಿಗ್ಗೆ ಸೋಫಾ ಮೆಟ್ಟಿಲು ಹತ್ತಿತು. ಕುರ್ಚಿಯೂ ಹತ್ತಿತು. ಹೆಡ್‌ಮಾಸ್ತರರು ಅದರ ಹಿಂದೆ, ಮನೆಯಿಂದ ಹೆಣ ಎತ್ತಿದಂಥ ಮುಖ ಮಾಡಿಕೊಂಡು ಹೊರಟರು. ನನ್ನ ಕಡೆ ತಿರುಗಿ, "ಇದರಾಗ ನಿಮ್ಮ ಕೈವಾಡ ಐತಿ ಮೇಡಂ" ಎಂದರು. "ಕೈ ಅಷ್ಟ ರೀ, ಕಾಲು ಇಲ್ಲ" ಎಂದೆ. ನಗಬಾರದು ಎಂದು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ. ಅರ್ಧ ಮೆಟ್ಟಿಲಿಗೆ ಹೋಗಿ ನಿಂತು ಮೊಣಕಾಲು ಹಿಡಿದುಕೊಂಡು, "ನನ್ನ ಮೊಣಕಾಲಿಗೂ ಯಾವುದಾರ ಕಲಂ ಐತೇನ್ರಿ?" ಎಂದು ಕೇಳಿದರು. ಹುಡುಕಿ ಹೇಳುತ್ತೇನೆ ಎಂದೆ. ಅವರ ವರ್ಗ ಇನ್ನೂ ಆಗಿಲ್ಲ. ಅದರ ಪಾಪವನ್ನು ನನ್ನ ತಲೆಗೇ ಕಟ್ಟಿದ್ದಾರೆ. ಇರಲಿ.

ಹುಡುಗಿ ಹೊಸ ಕೋಣೆಗೆ ಬಂದ ಮೊದಲ ವಾರವೆಲ್ಲ ಹಬ್ಬದ ಹಾಗಿತ್ತು. ಮಾಸ್ತರರೆಲ್ಲ ಅವಳನ್ನು ಮನೆಗೆ ಬಂದ ಬೀಗರಂತೆ ನೋಡಿಕೊಂಡರು. ಪ್ರಶ್ನೆ ಕೇಳುವುದಿಲ್ಲ, ಗದರುವುದಿಲ್ಲ, ತಪ್ಪು ಹೇಳಿದರೂ ಶಹಬ್ಬಾಸ್. ಅವಳಿಗೆ ಇದು ಹಿಡಿಸುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಆದರೆ ಏನು ಮಾಡುವುದೆಂದು ತಿಳಿಯಲಿಲ್ಲ. ಮರುಕ ನಿಲ್ಲಿಸಿ ಎಂದು ಯಾವ ಕಲಮಿನಲ್ಲಿ ತೋರಿಸಲಿ?

ಮುಂದಿನ ಸೋಮವಾರ ನಾನು ಶಾಲೆಗೆ ಹೋದಾಗ ಗಣಿತದ ಪೀರಿಯಡ್ಡು ನಡೆಯುತ್ತಿತ್ತು. ಕಿಟಕಿಯ ಹೊರಗೆ ನಿಂತು ನೋಡಿದೆ. ಗಣಿತದ ಮಾಸ್ತರರು ಮನೆಲೆಕ್ಕ ಮಾಡಿಕೊಂಡು ಬರದವರನ್ನೆಲ್ಲ ಎಬ್ಬಿಸಿ, "ನಡೀರಿ, ಎಲ್ಲಾರೂ ಹೊರಗ ನಡೀರಿ" ಎಂದು ಗದರುತ್ತಿದ್ದರು. ಅರ್ಧ ತರಗತಿ ಎದ್ದು ಹೊರಗೆ ಹೊರಟಿತು. ನಮ್ಮ ಹುಡುಗಿಯೂ ಕೈ ಎತ್ತಿದಳು.

"ಸರ್, ನಂದೂ ಆಗಿಲ್ರಿ."

"ಇರ್ಲಿ ತಂಗಿ, ನಿಂದು ನಡೀತೈತಿ. ನೀ ಕುಂದ್ರು."

"ಯಾಕ ನಡೀತೈತ್ರಿ ಸರ್? ನಾ ಬರದಿಲ್ಲ. ನಿನ್ನೆ ಆಟ ಆಡಕೋತ ಕುಂತಿದ್ದೆ. ನನಗೂ ಬೈರಿ."

 ಅವಳು ಮಾಸ್ತರರ ಅಪ್ಪಣೆಗೆ ಕಾಯಲಿಲ್ಲ. ಗಾಲಿ ಹಿಡಿದು ಕುರ್ಚಿ ತಿರುಗಿಸಿಕೊಂಡು ಪಡಸಾಲೆಗೆ ಬಂದು, ಸಾಲಿನ ನಡುವೆ ತೂರಿಕೊಂಡು, "ಸರೀರಿ, ಜಾಗಾ ಬಿಡ್ರಿ" ಎಂದಳು. ಮಾಸ್ತರರು ಹೊರಗೆ ಬಂದರು. ಸಾಲಿನ ಒಂದು ತುದಿಯಿಂದ ಬೈಯುತ್ತ ಬಂದರು. ಅವಳ ಮುಂದೆ ಬಂದಾಗ ಒಮ್ಮೆ ತಡೆದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ನೀನೂ ಹಂಗ! ಬರೇ ಬಾಯಿ ಬಡೀತಿ, ಲೆಕ್ಕ ಮಾಡಂಗಿಲ್ಲ. ನಾಚಿಕಿ ಬರಂಗಿಲ್ಲ?" ಎಂದು ಬೈದು ಮುಂದೆ ಹೋದರು. ಪಕ್ಕದವಳು ಇವಳನ್ನು ಚಿವುಟಿದಳು. ಇವಳು ಅವಳ ಜಡೆ ಎಳೆದಳು. ಮಕ್ಕಳನ್ನು ಹೀಗೆ ಹೊರಗೆ ನಿಲ್ಲಿಸುವುದು ಕಾಯಿದೆಗೆ ವಿರುದ್ಧ, ಕಂಡಾಗ ತಡೆಯಬೇಕಾದವಳು ನಾನೇ. ಅವತ್ತೊಂದು ದಿನ ಆ ಕಾಯಿದೆ ನನಗೆ ನೆನಪಾಗಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಾನು ಅಳುತ್ತಿದ್ದೆ, ಸಂತೋಷಕ್ಕೆ.

ಅದೇ ಹೊತ್ತಿಗೆ ಅವಳ ಅವ್ವ ಬುತ್ತಿ ಹಿಡಿದುಕೊಂಡು ಗೇಟಿನೊಳಗೆ ಬಂದಳು. ಮಗಳು ಪಡಸಾಲೆಯಲ್ಲಿ ಇರುವುದನ್ನು ಕಂಡು ಅವಳ ಮುಖ ಕೆಂಪಗಾಯಿತು. ಅಲ್ಲಿಂದಲೇ ಚೀರಿದಳು.

"ಯಾರು ನನ್ನ ಮಗಳನ್ನ ಮತ್ತ ಹೊರಗ ಹಾಕಿದವ್ರು?"

ಹುಡುಗಿ ಎರಡೂ ಕೈ ಅಲ್ಲಾಡಿಸಿ, ನಾಚಿಕೆಯಿಂದ ಸತ್ತವಳ ಹಾಗೆ ಕೂಗಿದಳು. "ಅವ್ವಾ, ಸುಮ್ಮಕಿರ ಬೇ! ನನ್ನೊಬ್ಬಾಕೀನ ಅಲ್ಲ, ಎಲ್ಲಾರನೂ ಹಾಕ್ಯಾರ!"